ಓಡುವ ಮನೆ ಓಲಾಡಿದರೆ...

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಲಾರಮಿಯಿಂದ ರಾಲಿನ್ಸ್ ಕಡೆಗೆ ಹೋಗುವ 80ನೇ ಹೆದ್ದಾರಿ ಗಾಳಿಗೆ ಹೆಸರುವಾಸಿ. ಸಮುದ್ರಮಟ್ಟದಿಂದ ಸುಮಾರು 2 ಸಾವಿರ ಮೀಟರ್ ಎತ್ತರದ ಬಯಲು. ಕಣ್ಣು ಹಾಯಿಸಿದಷ್ಟು ದೂರವೂ ಕುರುಚಲು ಗಿಡಗಳೇ. ಗಾಳಿಗೆ ತಡೆಯಾಗುವಂಥ ಮರಗಳು ಕಾಣುವುದು ಅಪರೂಪ. ಬಿರುಗಾಳಿಯ ದಿನಗಳಲ್ಲಿ ಎತ್ತರ ಹೆಚ್ಚಿದ್ದು ತೂಕ ಕಡಿಮೆಯಿರುವ ವಾಹನಗಳಿಗೆ ಈ ಹಾದಿಯನ್ನು ಮುಚ್ಚಿಬಿಡುವುದೂ ಉಂಟು.

ಬೇಸಿಗೆ ರಜೆಯಲ್ಲಿ ಯೆಲ್ಲೊಸ್ಟೋನ್ ನೋಡಲು ಹೊರಟ ಕುಟುಂಬವೊಂದು ಈ ಹಾದಿಯಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ವಾಹನ ಕಾರಲ್ಲ, ಬಸ್ಸೂ ಅಲ್ಲ. ಅಡುಗೆ ಒಲೆ, ಫ್ರಿಜ್, ಮಂಚ, ಬಚ್ಚಲು ಎಲ್ಲವೂ ಇರುವ ಮೋಟಾರು ಮನೆ. ಹಿಂದಿನಿಂದ ಬಂದ ಭಾರಿ ಲಾರಿಯೊಂದು ಪಕ್ಕದಲ್ಲಿ ಹಾದುಹೋಗುತ್ತದೆ. ಮನೆ ಒಮ್ಮೆ ಆಚೆ ವಾಲುತ್ತದೆ, ಮರುಕ್ಷಣ ಲಾರಿಯತ್ತಲೇ ಜಗ್ಗಿದಂತಾಗುತ್ತದೆ. ಚಾಲಕ ಎಡಕ್ಕೆ ತಿರುಗಿಸುತ್ತಾನೆ, ಬಲಕ್ಕೆ ತಿರುಗಿಸುತ್ತಾನೆ. ಹಿಂದಿನ ಕಪಾಟಿನಲ್ಲಿ ಪಾತ್ರೆಗಳು ಗಲಗಲ ಎನ್ನುತ್ತವೆ. ಸಂಜೆ ತಂಗುದಾಣ ಸೇರುವ ಹೊತ್ತಿಗೆ ಆತನ ಭುಜಗಳು ಸೋತಿರುತ್ತವೆ. ‘ಈ ಸ್ಟೀರಿಂಗೇ ಸರಿಯಿಲ್ಲ’ ಎಂಬ ಮಾತು ಬಾಯಿಂದ ಬರುತ್ತದೆ.

ಸ್ಟೀರಿಂಗ್ ನಿಜವಾಗಿಯೂ ಸರಿಯಿಲ್ಲವೇ? ಬಹಳಷ್ಟು ಸಲ ದೋಷ ಇರುವುದು ಅಲ್ಲಲ್ಲ. ಕೈಗೆ ತಿಳಿಯುವ ಜಾಗ ಒಂದು, ಕಾಯಿಲೆ ಇರುವ ಜಾಗ ಇನ್ನೊಂದು. ಅದನ್ನು ಹುಡುಕುವ ದಾರಿಯಲ್ಲಿ ಶಾಲೆಯ ಭೌತಶಾಸ್ತ್ರದ ಹಲವು ಪಾಠಗಳು ಎದುರಾಗುತ್ತವೆ. ಹುಡುಕುವ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಪ್ರಾಣಕ್ಕೂ ಅಪಾಯ.

ಲಾರಿಯ ಮೇಲೊಂದು ಮನೆ

ಮೋಟಾರು ಮನೆಗಳು ಅಮೆರಿಕದಲ್ಲಿ ಸಾಮಾನ್ಯರ ಕೈಗೆ ಎಟುಕತೊಡಗಿದ್ದು 1960ರ ದಶಕದಲ್ಲಿ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನ ವಿನ್ನೆಬಾಗೊ ಕಾರ್ಖಾನೆ 1966ರಲ್ಲಿ ಇವುಗಳ ತಯಾರಿಕೆಗೆ ಇಳಿಯಿತು. ಇಂದು ಅಲ್ಲಿನ ಬಹುತೇಕ ರಾಜ್ಯಗಳಲ್ಲಿ 26 ಸಾವಿರ ಪೌಂಡ್, ಅಂದರೆ ಸುಮಾರು 11,800 ಕಿಲೋ ತೂಕದವರೆಗಿನ ಮೋಟಾರು ಮನೆಯನ್ನು ಸ್ವಂತ ಪ್ರವಾಸಕ್ಕೆ ಓಡಿಸಲು ಕಾರಿನ ಲೈಸೆನ್ಸೇ ಸಾಕು. ನಿನ್ನೆಯವರೆಗೆ ಪುಟ್ಟ ಕಾರು ಓಡಿಸುತ್ತಿದ್ದವರು ಇಂದು 30 ಅಡಿ ಉದ್ದದ ಮನೆಯನ್ನು ಬಾಡಿಗೆಗೆ ಪಡೆದು ಹೊರಡಬಹುದು. ಅಮೆರಿಕದಲ್ಲಿ ನೆಲೆಸಿದ ನಮ್ಮವರೂ ಊರಿನಿಂದ ಬಂದ ತಂದೆತಾಯಿಯರನ್ನು ಹೀಗೆ ಸುತ್ತಾಡಿಸುವುದುಂಟು.

ಈ ವಾಹನದ ಹುಟ್ಟಿನಲ್ಲೇ ಒಂದು ತೊಡಕು ಇದೆ. ಸಾಮಾನ್ಯವಾಗಿ ಎಂಜಿನ್, ಚಕ್ರ, ಸ್ಟೀರಿಂಗ್‌ಗಳಿರುವ ಕೆಳಗಿನ ಛಾಸಿಯನ್ನು ಲಾರಿ ತಯಾರಿಸುವ ಕಂಪನಿ ಮಾಡುತ್ತದೆ. ಅದರ ಮೇಲಿನ ಮನೆಯನ್ನು ಕಟ್ಟುವುದು ಇನ್ನೊಂದು ಕಂಪನಿ. ಬರಿ ಛಾಸಿಯ ಮೇಲೆ ಟನ್‌ಗಟ್ಟಲೆ ಗೋಡೆ, ಛಾವಣಿ, ಪೀಠೋಪಕರಣ ಕೂರುತ್ತವೆ. ಆಮೇಲೆ ಕೊಂಡವರು ತಮ್ಮ ಸಾಮಾನು ತುಂಬುತ್ತಾರೆ. ಕಾರ್ಖಾನೆಯಲ್ಲಿ ಚಕ್ರಗಳನ್ನು ಯಾವ ಕೋನದಲ್ಲಿ ನಿಲ್ಲಿಸಿದ್ದರೋ ಆ ಕೋನ ಇಷ್ಟೆಲ್ಲ ಭಾರ ಬಿದ್ದ ಮೇಲೆ ಹಾಗೆಯೇ ಉಳಿದಿರುತ್ತದೆ ಎಂದು ಹೇಳಲಾಗದು.

ಗಾಳಿ ಎಷ್ಟು ತಳ್ಳುತ್ತದೆ?

ಒಂದು ಸಣ್ಣ ಲೆಕ್ಕ ಮಾಡೋಣ. ಮೋಟಾರು ಮನೆಯ ಪಕ್ಕದ ಗೋಡೆ 9 ಮೀಟರ್ ಉದ್ದ, 3 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ವಿಸ್ತೀರ್ಣ 27 ಚದರ ಮೀಟರ್. ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀಟರ್ ವೇಗದ ಗಾಳಿ ನೇರವಾಗಿ ಪಕ್ಕಕ್ಕೆ ಬಡಿಯುತ್ತಿದೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚದರ ಮೀಟರಿಗೆ 135 ನ್ಯೂಟನ್ ಒತ್ತಡ. ಇಡೀ ಗೋಡೆಯ ಮೇಲೆ 3,645 ನ್ಯೂಟನ್. ಸುಮಾರು 370 ಕಿಲೋ ತೂಕಕ್ಕೆ ಸಮನಾದ ಬಲ! ಆರು ಮಂದಿ ದೊಡ್ಡವರ ತೂಕವನ್ನು ಒಟ್ಟುಗೂಡಿಸಿ ಪಕ್ಕಕ್ಕೆ ನೂಕಿದಂತೆ. ಗಾಳಿಯ ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟಾಗುತ್ತದೆ.

ಇದು ಸ್ಥೂಲ ಲೆಕ್ಕ. ಗೋಡೆಯ ಆಕಾರ, ವಾಹನದ ವೇಗ, ಎತ್ತರದ ಪ್ರದೇಶದ ತೆಳುಗಾಳಿ ಎಲ್ಲವೂ ಸೇರಿ ಅಂಕಿ ಹೆಚ್ಚುಕಡಿಮೆಯಾಗಬಹುದು. ಆದರೆ ಚಾಲಕನ ಸೋತ ಭುಜಗಳಿಗೆ ಕಾರಣ ಏನೆಂದು ಇದರಿಂದ ತಿಳಿಯುತ್ತದೆ.

ಹಿಂದಿನಿಂದ ಬಂದು ಮುಂದೆ ಹೋಗುವ ಲಾರಿಯದೂ ಇದೇ ಕಥೆ. ಅದು ತನ್ನ ಮುಂದೆ ಗಾಳಿಯ ಗುಡ್ಡೆಯನ್ನು ತಳ್ಳಿಕೊಂಡು ಬರುತ್ತದೆ. ಅದು ಮೊದಲು ಮೋಟಾರು ಮನೆಯ ಹಿಂಭಾಗಕ್ಕೆ ಬಡಿಯುತ್ತದೆ. ಬಾಲ ಆಚೆ ಸರಿದರೆ ಮೂತಿ ಈಚೆ ತಿರುಗುತ್ತದೆ. ಲಾರಿ ಮುಂದೆ ಸರಿದಂತೆ ಒತ್ತಡ ಮೂತಿಯ ಕಡೆಗೆ ಬರುತ್ತದೆ, ಪರಿಣಾಮ ತಿರುವುಮುರುವಾಗುತ್ತದೆ. ಎಡ, ಬಲ, ಮತ್ತೆ ಎಡ ಎಂದು ಚಾಲಕ ಒದ್ದಾಡುವುದು ಇದಕ್ಕೇ.

ಎತ್ತಿನ ಗಾಡಿಯ ಪಾಠ

ಹಳ್ಳಿಯಲ್ಲಿ ಎತ್ತಿನ ಗಾಡಿಗೆ ಹೇರು ಹಾಕುವುದನ್ನು ನೋಡಿದವರಿಗೆ ಮುಂದಿನ ವಿಷಯ ಸುಲಭ. ಭಾರ ಅಚ್ಚಿನ ಹಿಂದಕ್ಕೆ ಬಿದ್ದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕತ್ತಿನಿಂದ ಎದ್ದುಬಿಡುತ್ತದೆ. ಅದಕ್ಕೇ ಹೇರು ಹಾಕುವವರು ಹಿಂದೆಮುಂದೆ ನೋಡಿ ಮೂಟೆ ಜೋಡಿಸುತ್ತಾರೆ. ಇದೇ ಸನ್ನೆಯ ತತ್ವ.

ಮೋಟಾರು ಮನೆಯ ಹಿಂದಿನ ಚಕ್ರಗಳ ಆಚೆಗೂ ಉದ್ದನೆಯ ಭಾಗ ಚಾಚಿಕೊಂಡಿರುತ್ತದೆ. ನಮ್ಮ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಹಳ್ಳ ಬಂದಾಗ ಎಗರಿಬಿದ್ದವರಿಗೆಲ್ಲ ಈ ಚಾಚಿನ ಪರಿಚಯ ಇದ್ದೇ ಇದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 5 ಮೀಟರ್ ಅಂತರವಿದೆ. ಹಿಂದಿನ ಆಕ್ಸಲ್‌ಗಿಂತ 2 ಮೀಟರ್ ಹಿಂದಿರುವ ಗೂಡಿನಲ್ಲಿ 150 ಕಿಲೋ ಸಾಮಾನು ಇಟ್ಟಿರಿ ಎನ್ನೋಣ. 150ನ್ನು 2ರಿಂದ ಗುಣಿಸಿ 5ರಿಂದ ಭಾಗಿಸಿದರೆ 60. ಅಂದರೆ ಮುಂದಿನ ಆಕ್ಸಲ್ ಮೇಲಿನ ಭಾರ 60 ಕಿಲೋ ಇಳಿಯುತ್ತದೆ. ಹಿಂದಿನ ಆಕ್ಸಲ್ ಮೇಲೆ 150 ಅಲ್ಲ, 210 ಕಿಲೋ ಏರುತ್ತದೆ. ದಾರಿ ತೋರಬೇಕಾದ ಮುಂದಿನ ಚಕ್ರಗಳು ಹಗುರವಾದವು, ನೆಲದ ಮೇಲಿನ ಅವುಗಳ ಹಿಡಿತ ಸಡಿಲವಾಯಿತು. ಮೋಟಾರು ಮನೆಯಲ್ಲಿ 300 ಲೀಟರ್ ನೀರಿನ ತೊಟ್ಟಿ ಇರುವುದು ವಿಶೇಷವೇನಲ್ಲ. ಅದು ಹಿಂದಿನ ಆಕ್ಸಲ್‌ಗಿಂತ ಒಂದೂವರೆ ಮೀಟರ್ ಹಿಂದಿದ್ದರೆ ಮುಂದೆ ಎಷ್ಟು ಕಿಲೋ ಕಡಿಮೆಯಾಗುತ್ತದೆ? ವಿದ್ಯಾರ್ಥಿಗಳು ಮಾಡಿ ನೋಡಿ. ಉತ್ತರ 90.

ಆದ್ದರಿಂದಲೇ ಕೊಳ್ಳುವ ಮೊದಲು ಅನುಭವಿಗಳು ಒಂದು ಅಳತೆ ನೋಡುತ್ತಾರೆ. ಆಕ್ಸಲ್‌ಗಳ ನಡುವಿನ ಅಂತರ ಒಟ್ಟು ಉದ್ದದ ಶೇಕಡಾ ಎಷ್ಟು? 50ಕ್ಕಿಂತ ಕಡಿಮೆಯಾದರೆ ಬಾಲದ ಕಾಟ ಹೆಚ್ಚು. 55 ಅಥವಾ ಅದಕ್ಕೂ ಮೇಲಾದರೆ ಓಟ ನೆಮ್ಮದಿಯದು. 9 ಮೀಟರ್ ಉದ್ದದ ವಾಹನದಲ್ಲಿ ಅಂತರ 4.5 ಮೀಟರ್ ಇದ್ದರೆ 50, 5 ಮೀಟರ್ ಇದ್ದರೆ 55ಕ್ಕೂ ಸ್ವಲ್ಪ ಹೆಚ್ಚು. ಇದು ಅನುಭವದ ಲೆಕ್ಕವೇ ಹೊರತು ಕಾನೂನಲ್ಲ. ಆದರೆ ನಮ್ಮ ದೇಶದ ಕಾನೂನೂ ಈ ವಿಷಯವನ್ನು ಮರೆತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹಿಂದಿನ ಚಾಚಿಗೆ ಆಕ್ಸಲ್‌ಗಳ ಅಂತರದ ಶೇಕಡಾ 60ರ ಮಿತಿಯನ್ನು ಹಾಕಲಾಗಿದೆ.

ವಿನ್ಯಾಸದ ಹಂತದಲ್ಲೇ ಈ ಬಗ್ಗೆ ಯೋಚಿಸಿದ ಉದಾಹರಣೆಯೂ ಇದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1973ರಿಂದ 1978ರವರೆಗೆ ತಯಾರಿಸಿದ ಜಿಎಂಸಿ ಮೋಟಾರು ಮನೆಯಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತಿತ್ತು. ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಬೇಕಾಗಲಿಲ್ಲ. ನೆಲವನ್ನು ತೀರ ಕೆಳಗಿಡಲು ಸಾಧ್ಯವಾಯಿತು. ಗುರುತ್ವಕೇಂದ್ರ ಕೆಳಗಿಳಿಯಿತು. ಹಿಂದೆ ಒಂದೊಂದು ಪಕ್ಕಕ್ಕೆ ಒಂದರ ಹಿಂದೊಂದು ಎರಡು ಚಕ್ರಗಳು. ಮನೆ ಮತ್ತು ಛಾಸಿ ಎರಡನ್ನೂ ಒಂದೇ ಸಂಸ್ಥೆ ಒಟ್ಟಿಗೆ ಯೋಚಿಸಿ ಮಾಡಿತ್ತು. ಅದನ್ನು ಪ್ರೀತಿಯಿಂದ ರಿಪೇರಿ ಮಾಡಿ ಓಡಿಸುವವರು ಈಗಲೂ ಇದ್ದಾರೆ.

ಮನೆಯಲ್ಲೇ ಮಾಡಿ ನೋಡಿ

ಮಕ್ಕಳ ಆಟದ ಕಾರೊಂದನ್ನು ತೆಗೆದುಕೊಳ್ಳಿ. ನಯವಾದ ಹಲಗೆಯನ್ನು ಓರೆಯಾಗಿ ನಿಲ್ಲಿಸಿ. ಮೊದಲು ಕಾರಿನ ಮುಂದಿನ ಎರಡು ಚಕ್ರಗಳು ತಿರುಗದಂತೆ ಟೇಪು ಅಂಟಿಸಿ ಹಲಗೆಯ ಮೇಲಿನಿಂದ ಬಿಡಿ. ಕಾರು ಜಾರುತ್ತಾ ನೇರವಾಗಿಯೇ ಕೆಳಗಿಳಿಯುತ್ತದೆ. ಈಗ ಆ ಟೇಪು ತೆಗೆದು ಹಿಂದಿನ ಚಕ್ರಗಳಿಗೆ ಅಂಟಿಸಿ ಬಿಡಿ. ಕಾರು ಸ್ವಲ್ಪ ದೂರ ಹೋಗಿ ಗಿರಕಿ ಹೊಡೆದು ಬಾಲ ಮುಂದಾಗಿ ಇಳಿಯುತ್ತದೆ!

ಉರುಳುವ ಚಕ್ರ ಪಕ್ಕಕ್ಕೆ ಜಾರದಂತೆ ನೆಲವನ್ನು ಹಿಡಿಯುತ್ತದೆ. ಉಜ್ಜಿಕೊಂಡು ಜಾರುವ ಚಕ್ರ ಆ ಹಿಡಿತವನ್ನು ಕಳೆದುಕೊಳ್ಳುತ್ತದೆ. ಬಾಣ ನೇರ ಹೋಗಲು ಹಿಂದಿನ ಗರಿ ಬೇಕಾದ ಹಾಗೆ ವಾಹನ ನೇರ ಹೋಗಲು ಹಿಂದಿನ ಚಕ್ರಗಳ ಹಿಡಿತ ಬೇಕು. ‘ಸ್ಟೀರಿಂಗ್ ಸರಿಯಿಲ್ಲ’ ಎನ್ನುವವರು ಮೊದಲು ಹಿಂದಿನ ಟೈರುಗಳನ್ನು ಏಕೆ ನೋಡಬೇಕು ಎಂಬುದು ಈ ಆಟದಿಂದ ಅರ್ಥವಾಗುತ್ತದೆ.

ಮೊದಲು ತೂಕ, ಆಮೇಲೆ ಗಾಳಿ

ಹಾಗಾದರೆ ಓಲಾಡುವ ಮನೆಯನ್ನು ಸರಿಪಡಿಸುವುದು ಎಲ್ಲಿಂದ? ಬಿಡಿಭಾಗಗಳ ಅಂಗಡಿಯಿಂದ ಅಲ್ಲ, ತೂಕದ ಕಟ್ಟೆಯಿಂದ. ಅಮೆರಿಕದ ಹೆದ್ದಾರಿ ಪಕ್ಕದ ಲಾರಿ ನಿಲ್ದಾಣಗಳಲ್ಲಿ, ನಮ್ಮಲ್ಲಿನ ವೇ ಬ್ರಿಜ್‌ಗಳಂತೆ, ತೂಕ ಮಾಡುವ ವ್ಯವಸ್ಥೆ ಇರುತ್ತದೆ. ನೀರು, ಇಂಧನ, ಸಾಮಾನು, ಜನ ಎಲ್ಲ ತುಂಬಿ, ಪ್ರವಾಸ ಹೊರಡುವ ಸ್ಥಿತಿಯಲ್ಲೇ ತೂಗಿಸಬೇಕು. ಒಟ್ಟು ತೂಕ ಮಾತ್ರ ಸಾಲದು. ಮುಂದಿನ ಆಕ್ಸಲ್ ಎಷ್ಟು, ಹಿಂದಿನದು ಎಷ್ಟು ಎಂದು ಬೇರೆ ಬೇರೆ ತಿಳಿಯಬೇಕು. ಸಾಧ್ಯವಾದರೆ ಎಡಬಲಗಳನ್ನೂ ತೂಗಿಸಬೇಕು. ಅಡುಗೆ ಮನೆ, ಫ್ರಿಜ್ ಎಲ್ಲ ಒಂದೇ ಪಕ್ಕಕ್ಕಿದ್ದರೆ ಆ ಪಕ್ಕದ ಚಕ್ರಗಳು ಹೆಚ್ಚು ಹೊರುತ್ತವೆ.

ತೂಕ ತಿಳಿದ ಮೇಲೆ ಮಾಡುವ ಮೊದಲ ಕೆಲಸಕ್ಕೆ ಒಂದು ಕಾಸೂ ಬೇಡ. ಭಾರದ ಸಾಮಾನನ್ನು ಬಾಲದಿಂದ ತೆಗೆದು ಆಕ್ಸಲ್‌ಗಳ ನಡುವೆ, ಆದಷ್ಟೂ ಕೆಳಗೆ ಇಡುವುದು. ಮೇಲಿನ ಕಪಾಟಿನಲ್ಲಿ ಹಗುರವಾದವು ಮಾತ್ರ ಇರಲಿ.

ಎರಡನೆಯದು ಟೈರಿನ ಗಾಳಿ. ಪಕ್ಕಕ್ಕೆ ಬಲ ಬಿದ್ದಾಗ ಟೈರು ತಾನು ಸಾಗುವ ದಿಕ್ಕಿಗೆ ಸ್ವಲ್ಪ ಓರೆಯಾಗಿ ನಿಂತು ಎದುರು ಬಲ ಕೊಡುತ್ತದೆ. ಗಾಳಿ ಕಡಿಮೆಯಿದ್ದರೆ ಅದರ ಪಕ್ಕಗಳು ಮೆತ್ತಗಾಗಿ ಹೆಚ್ಚು ಬಾಗುತ್ತವೆ. ಅಷ್ಟೇ ಬಲಕ್ಕೆ ಹೆಚ್ಚು ಓರೆಯಾಗಬೇಕಾಗುತ್ತದೆ. ವಾಹನ ತೇಲಿದಂತೆ ಅನಿಸುತ್ತದೆ. ಕಡಿಮೆ ಗಾಳಿಯ ಟೈರು ಬಿಸಿಯಾಗಿ ಸಿಡಿಯುವ ಅಪಾಯವೂ ಇದೆ. ಹಾಗೆಂದು ಬೇಕಾದ್ದಕ್ಕಿಂತ ಹೆಚ್ಚು ತುಂಬಿದರೆ ನೆಲಕ್ಕೆ ತಾಗುವ ಭಾಗ ಕಿರಿದಾಗುತ್ತದೆ. ಓಟ ಗಡುಸಾಗುತ್ತದೆ, ರಸ್ತೆಯ ಪ್ರತಿ ಗೀರಿಗೂ ಮೂತಿ ಅತ್ತಿತ್ತ ಸರಿಯುತ್ತದೆ. ಇಷ್ಟು ಭಾರಕ್ಕೆ ಇಷ್ಟು ಗಾಳಿ ಎಂಬ ಪಟ್ಟಿಯನ್ನು ಟೈರು ತಯಾರಕರೇ ಕೊಡುತ್ತಾರೆ. ಅದನ್ನು ನೋಡಲು ಬೇಕಾಗುವುದು ಆ ತೂಕದ ಚೀಟಿಯೇ. ಗಾಳಿಯನ್ನು ಅಳೆಯಬೇಕಾದದ್ದು ಬೆಳಿಗ್ಗೆ, ಹೊರಡುವ ಮುನ್ನ, ಟೈರು ತಣ್ಣಗಿದ್ದಾಗ.

ಟೈರಿನ ವಯಸ್ಸನ್ನೂ ನೋಡಬೇಕು. ಮೋಟಾರು ಮನೆ ವರ್ಷದಲ್ಲಿ ಬಹುಕಾಲ ನಿಂತೇ ಇರುತ್ತದೆ. ಟೈರಿನ ಗೆರೆಗಳು ಹೊಸದರಂತೆ ಕಂಡರೂ ರಬ್ಬರು ಮುದಿಯಾಗಿರುತ್ತದೆ. 2000ದಿಂದೀಚಿನ ಟೈರುಗಳ ಪಕ್ಕದಲ್ಲಿ ತಯಾರಿಯ ದಿನಾಂಕವನ್ನು ಹೇಳುವ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ‘2319’ ಎಂದಿದ್ದರೆ 2019ರ 23ನೇ ವಾರ. ಈ ಗುರುತು ನಿಮ್ಮ ಮನೆಯ ಕಾರಿನ ಟೈರಿನಲ್ಲೂ ಇರುತ್ತದೆ. ಇಂದೇ ಮಕ್ಕಳಿಂದ ಓದಿಸಿ ನೋಡಿ.

ಚಕ್ರ ನಿಲ್ಲುವ ಓರೆ

ಮೂರನೆಯದು ವ್ಹೀಲ್ ಅಲೈನ್‌ಮೆಂಟ್. ಆಫೀಸಿನ ಕುರ್ಚಿಯ ಕೆಳಗಿನ ಚಕ್ರವನ್ನು ಗಮನಿಸಿ. ಕುರ್ಚಿಯನ್ನು ಯಾವ ಕಡೆ ತಳ್ಳಿದರೂ ಚಕ್ರ ಗರ್ರನೆ ತಿರುಗಿ ತನ್ನ ತಿರುಗುಕಡ್ಡಿಯ ಹಿಂದೆ ಬಂದು ನಿಲ್ಲುತ್ತದೆ. ಎಳೆದುಕೊಂಡು ಹೋಗುವ ಬಿಂದು ಮುಂದೆ, ನೆಲಕ್ಕೆ ತಾಗುವ ಬಿಂದು ಹಿಂದೆ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವುದರಿಂದಲೂ ಇದೇ ಆಗುತ್ತದೆ. ಹ್ಯಾಂಡಲ್ ತಿರುಗುವ ಕಡ್ಡಿಯ ನೇರಕ್ಕೆ ಒಂದು ಗೆರೆ ಎಳೆದರೆ ಅದು ಟೈರು ನೆಲಕ್ಕೆ ತಾಗುವ ಜಾಗಕ್ಕಿಂತ ಮುಂದೆ ನೆಲ ಮುಟ್ಟುತ್ತದೆ.

ಮೋಟಾರು ವಾಹನಗಳಲ್ಲಿ ಈ ಓರೆಗೆ ಕ್ಯಾಸ್ಟರ್ ಎನ್ನುತ್ತಾರೆ. ಕೆಲವೇ ಡಿಗ್ರಿಗಳ ಮಾತು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿಯೇ ನೇರಕ್ಕೆ ಬರುವುದು ಬಹುಮಟ್ಟಿಗೆ ಇದರಿಂದ. ಇದು ಕಡಿಮೆಯಾದರೆ ನೇರ ರಸ್ತೆಯಲ್ಲೂ ಚಕ್ರಗಳು ದಾರಿ ಹುಡುಕುತ್ತವೆ. ಹಿಂಭಾಗ ಭಾರದಿಂದ ಕುಸಿದು ಮೂತಿ ಎತ್ತಿದಾಗ, ಇಲ್ಲವೇ ಸ್ಪ್ರಿಂಗುಗಳು ಸೋತಾಗ ಈ ಕೋನ ಬದಲಾಗುತ್ತದೆ. ಎರಡು ಮುಂದಿನ ಚಕ್ರಗಳ ಮೂತಿಗಳು ಒಂದನ್ನೊಂದು ನೋಡುವಂತೆ ತುಸು ಒಳಕ್ಕೆ ತಿರುಗಿರುವ ಪ್ರಮಾಣವೂ ಮುಖ್ಯ. ಅದರಲ್ಲಿ ಕೆಲವು ಮಿಲಿಮೀಟರ್ ವ್ಯತ್ಯಾಸವಾದರೂ ಟೈರು ಬೇಗ ಸವೆಯುತ್ತದೆ, ವಾಹನ ಅತ್ತಿತ್ತ ಅಲೆಯುತ್ತದೆ.

ನೆನಪಿಡಬೇಕಾದದ್ದು ಇಷ್ಟೇ: ಖಾಲಿ ವಾಹನಕ್ಕೆ ಮಾಡಿಸಿದ ಅಲೈನ್‌ಮೆಂಟ್ ತುಂಬಿದ ವಾಹನಕ್ಕೆ ಸರಿಹೋಗದು. ಪ್ರವಾಸದ ಭಾರವನ್ನೆಲ್ಲ ಹೇರಿಕೊಂಡೇ ಹೋಗಿ, ಲಾರಿಗಳ ಕೆಲಸ ಬಲ್ಲವರಿಂದ ಮಾಡಿಸಬೇಕು.

ಸವೆದದ್ದು, ಸೇರಿಸುವುದು

ಇಷ್ಟಾದ ಮೇಲೂ ಓಲಾಟ ನಿಲ್ಲದಿದ್ದರೆ ಸವೆದ ಭಾಗಗಳನ್ನು ಹುಡುಕಬೇಕು. ಸ್ಟೀರಿಂಗ್‌ನಿಂದ ಚಕ್ರದವರೆಗೆ ಹಲವು ಕೀಲುಗಳಿವೆ, ರಬ್ಬರು ಬುಷ್‌ಗಳಿವೆ. ಒಂದೊಂದರಲ್ಲೂ ಕೂದಲೆಳೆಯಷ್ಟು ಸಡಿಲವಿದ್ದರೂ ಎಲ್ಲ ಸೇರಿ ಸ್ಟೀರಿಂಗ್‌ನಲ್ಲಿ ಅಂಗುಲದಷ್ಟಾಗುತ್ತದೆ. ಷಾಕ್ ಅಬ್ಸಾರ್ಬರ್ ಸೋತಿದ್ದರೆ ಒಂದು ಸಲ ವಾಲಿದ ವಾಹನ ಮತ್ತೆ ಮತ್ತೆ ತೂಗಾಡುತ್ತದೆ.

ಹೊಸ ಭಾಗಗಳನ್ನು ಸೇರಿಸುವುದು ಕೊನೆಯ ಹೆಜ್ಜೆ. ಒಂದೊಂದು ಭಾಗಕ್ಕೂ ಒಂದೊಂದು ಕೆಲಸ. ಎಡಬಲ ಚಕ್ರಗಳ ನಡುವೆ ಜೋಡಿಸುವ ಬಾಗಿದ ಉಕ್ಕಿನ ಸರಳು, ಅಂದರೆ ಆ್ಯಂಟಿ ರೋಲ್ ಬಾರ್, ವಾಹನ ಪಕ್ಕಕ್ಕೆ ವಾಲುವುದನ್ನು ತಗ್ಗಿಸುತ್ತದೆ. ಇನ್ನೊಂದು ಪ್ಯಾನ್‌ಹಾರ್ಡ್ ಸರಳು. ಫ್ರಾನ್ಸಿನ ಹಳೆಯ ಕಾರು ಕಂಪನಿಯೊಂದರ ಹೆಸರು ಅದಕ್ಕೆ ಅಂಟಿಕೊಂಡಿದೆ. ಲಾರಿಯಂತೆ ಪಟ್ಟಿ ಸ್ಪ್ರಿಂಗ್ ಇರುವ ವಾಹನದಲ್ಲಿ ಗಾಳಿ ಬಡಿದಾಗ ಆಕ್ಸಲ್ ಇದ್ದಲ್ಲೇ ಇದ್ದು ಮೇಲಿನ ಮನೆ ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಆಕ್ಸಲ್‌ನ ಒಂದು ತುದಿಯಿಂದ ಛಾಸಿಯ ಎದುರು ಪಕ್ಕಕ್ಕೆ ಅಡ್ಡಲಾಗಿ ಕಟ್ಟಿದ ಈ ಸರಳು ಆ ಸರಿದಾಟವನ್ನು ತಡೆಯುತ್ತದೆ. ಮತ್ತೊಂದು ಸ್ಟೀರಿಂಗ್ ಡ್ಯಾಂಪರ್. ರಸ್ತೆಯಿಂದ ಬರುವ ಹೊಡೆತ ಕೈಗೆ ತಟ್ಟದಂತೆ ಅದು ನೋಡಿಕೊಳ್ಳುತ್ತದೆ.

ಆದರೆ ಭಾರ ತಪ್ಪಾಗಿ ಹೇರಿರುವ ವಾಹನಕ್ಕೆ ಡ್ಯಾಂಪರ್ ಹಾಕುವುದು ಜ್ವರದ ಕಾರಣ ಹುಡುಕದೆ ಹಣೆಗೆ ತಣ್ಣೀರು ಪಟ್ಟಿ ಹಾಕಿದ ಹಾಗೆ. ಸದ್ಯಕ್ಕೆ ಹಿತ, ರೋಗ ಹಾಗೆಯೇ.

ಒಂದು ಸಲಕ್ಕೆ ಒಂದೇ

ಎಷ್ಟೋ ಮಂದಿ ಇಲ್ಲಿ ಎಡವುತ್ತಾರೆ. ಗಾಳಿ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ, ಎರಡು ಸರಳು, ನಾಲ್ಕು ಷಾಕ್ ಅಬ್ಸಾರ್ಬರ್ ಎಲ್ಲವನ್ನೂ ಒಂದೇ ವಾರದಲ್ಲಿ ಹಾಕಿಸಿಬಿಡುತ್ತಾರೆ. ವಾಹನ ಸುಧಾರಿಸಿದರೆ ಯಾವುದರಿಂದ ಎಂದು ತಿಳಿಯದು. ಸುಧಾರಿಸದಿದ್ದರೆ ಮುಂದೆ ಏನು ಮಾಡಬೇಕೆಂದೂ ತಿಳಿಯದು.

ಪ್ರಯೋಗಶಾಲೆಯಲ್ಲಿ ಮೇಷ್ಟರು ಹೇಳಿಕೊಡುವ ಪಾಠವೇ ಇಲ್ಲಿಯೂ ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ರಸ್ತೆಯಲ್ಲಿ, ಅದೇ ಭಾರದಲ್ಲಿ, ಅದೇ ವೇಗದಲ್ಲಿ ಓಡಿಸಿ. ಗಾಳಿ ಹೇಗಿತ್ತು, ಎಷ್ಟು ಸಲ ಸ್ಟೀರಿಂಗ್ ತಿದ್ದಬೇಕಾಯಿತು ಎಂದು ಪಕ್ಕದಲ್ಲಿ ಕುಳಿತವರು ಪುಸ್ತಕದಲ್ಲಿ ಬರೆದುಕೊಳ್ಳಲಿ. ಈ ಕೆಲಸಕ್ಕೆ ಹೈಸ್ಕೂಲು ಓದುವ ಮಗನೋ ಮಗಳೋ ತಕ್ಕವರು. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ.

ಬಾಡಿಗೆಗೆ ತಂದ ವಾಹನಕ್ಕೆ ಸರಳು ಕಟ್ಟಿಸುವ ಹಾಗಿಲ್ಲ. ಆದರೆ ಸಾಮಾನು ಜೋಡಿಸುವುದು, ಗಾಳಿ ನೋಡುವುದು, ವೇಗ ತಗ್ಗಿಸುವುದು ನಮ್ಮ ಕೈಯಲ್ಲೇ ಇದೆ. ದೃಷ್ಟಿಯನ್ನು ಮೂತಿಯ ಮುಂದಿನ ಗೆರೆಯಲ್ಲಿ ನೆಡದೆ ದೂರಕ್ಕೆ ಇಟ್ಟರೆ ಅನವಶ್ಯಕ ತಿದ್ದಾಟ ಕಡಿಮೆಯಾಗುತ್ತದೆ. ಮುಂದಿನ ಟೈರು ಸಿಡಿದರೆ ಗಾಬರಿಯಿಂದ ಬ್ರೇಕು ಒತ್ತಬಾರದು. ಸ್ಟೀರಿಂಗನ್ನು ಗಟ್ಟಿಯಾಗಿ ನೇರ ಹಿಡಿದು, ನಿಧಾನವಾಗಿ ವೇಗ ಇಳಿಸಿ ಪಕ್ಕಕ್ಕೆ ತರಬೇಕು. ಗಾಳಿ ಮಿತಿಮೀರಿದ ದಿನ ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಹೊರಡದಿರುವುದು. ಮನೆ ಜೊತೆಯಲ್ಲೇ ಇದೆಯಲ್ಲ!

ನಮ್ಮಲ್ಲಿ ಮೋಟಾರು ಮನೆ ಇರುವವರು ಕೆಲವೇ ಮಂದಿ. ಆದರೆ ರಜೆಯಲ್ಲಿ ಕಾರಿನ ನೆತ್ತಿಯ ಮೇಲೆ ಸೂಟ್‌ಕೇಸು ಪೇರಿಸಿ, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿ, ಟೈರಿನ ಗಾಳಿ ನೋಡದೆ ಊರಿಗೆ ಹೊರಡುವವರು ಬಹಳ. ನೆತ್ತಿಯ ಭಾರ ಗುರುತ್ವಕೇಂದ್ರವನ್ನು ಮೇಲೇರಿಸುತ್ತದೆ, ಡಿಕ್ಕಿಯ ಭಾರ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. ವಯೋಮಿಂಗ್‌ನಲ್ಲಿ ಓಲಾಡುವ ಮನೆಗೂ ಘಾಟಿಯ ತಿರುವಿನಲ್ಲಿ ವಾಲುವ ನಮ್ಮ ಕಾರಿಗೂ ನಿಯಮ ಒಂದೇ. ಮುಂದಿನ ಪ್ರಯಾಣಕ್ಕೆ ಮೊದಲು ಅಪ್ಪ ಸಾಮಾನು ಜೋಡಿಸುವಾಗ ಮಕ್ಕಳು ಪಕ್ಕದಲ್ಲಿ ನಿಂತು ಸನ್ನೆಯ ಲೆಕ್ಕ ಹೇಳಲಿ. ಅಪ್ಪ ಅದನ್ನು ಕೇಳಲಿ.